ಏಳನೇ ರೀಲಿನಲ್ಲಿ ಎದ್ದವರು

ಮಾರ್ಚ್ ೪

ನನ್ನ ಬೆಂಕಿಕಡ್ಡಿಗೆ,

ನಿನ್ನ ಕಾಗದ ಬಂದು ಏಳು ವಾರವಾಯಿತು. ಕಣ್ಣಿನ ಪೊರೆ ತೆಗೆಸಿದೆ, ಮಂಡಿ ಹಿಡಿದುಕೊಂಡಿತ್ತು ಎಂದೆಲ್ಲ ನೆಪ ಹೇಳಬಹುದು. ಎರಡೂ ನಿಜವೇ. ಆದರೆ ಉತ್ತರ ಬರೆಯದೆ ಕೂತದ್ದಕ್ಕೂ ಅವಕ್ಕೂ ಸಂಬಂಧವಿಲ್ಲ. ನಿನ್ನ ಕಾಗದ ಮೇಜಿನ ಮೇಲೇ ಬಿದ್ದಿತ್ತು. ದಿನವೂ ಅದರ ಪಕ್ಕದಲ್ಲೇ ಕೂತು ಪತ್ರಿಕೆ ಓದಿದೆ, ಅದರ ಮೇಲೇ ಚಹಾ ಲೋಟ ಇಟ್ಟೆ. ತಡವಾಯಿತು, ಕ್ಷಮಿಸು. ಈಗೀಗ ಏನು ಮಾಡಲು ಹೊರಟರೂ ಅರ್ಧದಲ್ಲೇ ಸಾಕೆನಿಸುತ್ತದೆ. ಅಂಗಿಯ ಗುಂಡಿ ಹಾಕುವುದೂ ಒಂದು ದೊಡ್ಡ ಕೆಲಸ.

ನಿನ್ನ ಅತ್ತಿಗೆ ಗಟ್ಟಿಯಾಗಿದ್ದಾಳೆ, ಬಾಯಿ ಇನ್ನೂ ಗಟ್ಟಿ. ನಾನು ಪೆನ್ನು ಹಿಡಿದದ್ದು ನೋಡಿ, "ತಂಗಿಗೆ ಕಾಗದ ಬರೀತಿದೀರೋ, ಅಧ್ಯಕ್ಷ ಭಾಷಣ ಬರೀತಿದೀರೋ? ಅವಳು ಕೇಳಿರೋದು ಒಂದೇ ಪ್ರಶ್ನೆ. ಒಂದು ಸಾಲು ಬರೆದು ಡಬ್ಬಕ್ಕೆ ಹಾಕಿ ಬನ್ನಿ" ಎಂದಳು.

ಹೌದು, ಒಂದೇ ಪ್ರಶ್ನೆ. "ಅಣ್ಣ, ಮೂವತ್ತೊಂದು ವರ್ಷ ಕೇಳಲಿಲ್ಲ, ಈಗ ಕೇಳ್ತಿದೀನಿ. ಆವತ್ತು ನನ್ನ ಸಿನಿಮಾ ನೋಡ್ತಾ ಅಪ್ಪ ಎದ್ದು ಹೋದದ್ದು ಸರಿಯಾಗಿ ಯಾವ ಜಾಗದಲ್ಲಿ? ಯಾವ ಶಾಟು?" ಇದಿಷ್ಟೇ ನಿನ್ನ ಕಾಗದ. ಚೆನ್ನಾಗಿದ್ದೀಯಾ ಎಂದೂ ಕೇಳಿಲ್ಲ.

ನೀನು ಈಗ ಯಾಕೆ ಕೇಳುತ್ತಿದ್ದೀಯ ಎಂಬುದು ನನಗೆ ಗೊತ್ತು. ಸ್ಟುಡಿಯೋ ಯೂನಿಯನ್ನಿನ ಈಗಿನ ಕಾರ್ಯದರ್ಶಿ ನನ್ನ ಮನೆಗೂ ಬಂದಿದ್ದಳು. ಸೌಂಡ್ ವಿಭಾಗದವಳಂತೆ. ಕೂರು ಎನ್ನುವ ಮೊದಲೇ ಕೂತಳು. "ನಿಮ್ಮನ್ನ ಕರೆಯೋಕೆ ಬಂದಿಲ್ಲ ಸಾರ್, ತಿಳಿಸೋಕೆ ಬಂದೆ. ನಿಮ್ಮ ತಂಗಿಯವರ ಸಿನಿಮಾದ ಏಳನೇ ರೀಲು ಸಿಕ್ಕಿದೆ. ನೀವು ಸಿನಿಮಾದಿಂದ ತೆಗೆಸಿಹಾಕಿದ್ದು. ಏಪ್ರಿಲ್ ಹನ್ನೆರಡಕ್ಕೆ ನಮ್ಮ ಹಾಲ್‌ನಲ್ಲಿ ಪೂರ್ತಿ ಸಿನಿಮಾ ತೋರಿಸ್ತೀವಿ" ಎಂದಳು. ರೀಲು ಎಲ್ಲಿ ಸಿಕ್ಕಿತು ಎಂದು ಕೇಳಿದೆ. "ಮಂಚದ ಕೆಳಗೆ" ಎಂದಳು, ಯಾರ ಮಂಚ ಎಂದು ಹೇಳಲಿಲ್ಲ. ಚಹಾ ಬೇಡ ಎಂದಳು. ನಾನೂ ಒಂದು ಕಾಲದಲ್ಲಿ ದೊಡ್ಡವರ ಮನೆಗೆ ಹೋದರೆ ಚಹಾ ಬೇಡ ಎನ್ನುತ್ತಿದ್ದೆ.

ಹೋಗುವಾಗ ಬಾಗಿಲ ಬಳಿ ನಿಂತು ಕೇಳಿದಳು: "ಎಣಿಕೆ ಪ್ರದರ್ಶನ ಅಂತ ಮಾಡ್ತಿದ್ರಂತಲ್ಲ, ಅದು ಯಾರ ತಲೆ?" ನನ್ನದೇ ಎಂದೆ. ಅವಳಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ನೀನು ಅದರ ಒಳಗೆ ಒಮ್ಮೆಯೂ ಕೂತವಳಲ್ಲ. ನಿರ್ದೇಶಕರಿಗೆ ಪ್ರವೇಶವಿರಲಿಲ್ಲ. ಕ್ಯಾಂಟೀನಿನಲ್ಲಿ ಉಗುರು ಕಚ್ಚುತ್ತ ಕಾಯುವುದಷ್ಟೇ ನಿಮ್ಮ ಪಾಲು.

ಮೊದಲಿಂದ ಹೇಳುತ್ತೇನೆ, ಸಹಿಸಿಕೋ. ಹದಿನೆಂಟಕ್ಕೆ ಅಪ್ಪ ನನ್ನನ್ನು ತಾನಿದ್ದ ಸ್ಟುಡಿಯೋದ ಬಡಗಿ ಶೆಡ್ಡಿಗೇ ಸೇರಿಸಿದ. ಕೆಡವಿದ ಸೆಟ್ಟಿನ ಹಲಗೆಗಳಿಂದ ಮೊಳೆ ಕೀಳುವುದು ನನ್ನ ಕೆಲಸ. ಬೆಳಿಗ್ಗೆ ಅರಮನೆ ಇದ್ದದ್ದನ್ನು ಮಧ್ಯಾಹ್ನ ಕೆಡವುತ್ತಿದ್ದರು, ಮೊಳೆ ಕಿತ್ತು ಕೊಟ್ಟರೆ ಅದೇ ಹಲಗೆ ಮಾರನೇ ದಿನ ಜೈಲಾಗುತ್ತಿತ್ತು. ಕಿತ್ತ ಮೊಳೆಯನ್ನು ಸುತ್ತಿಗೆಯಲ್ಲಿ ಬಡಿದು ನೇರ ಮಾಡಿ ಡಬ್ಬಕ್ಕೆ ಹಾಕುತ್ತಿದ್ದೆ. ನೀನು ನನ್ನನ್ನು ಮೊಳೆಯಣ್ಣ ಎಂದು ಕರೆಯಲು ಶುರುಮಾಡಿದ್ದು ಆಗಲೇ. ಆರು ವರ್ಷ ಕಳೆಯುವಷ್ಟರಲ್ಲಿ ಯೂನಿಯನ್ ಕಾರ್ಯದರ್ಶಿಯಾದೆ. ಮೇಲಿನ ಅಟ್ಟಣಿಗೆಯಿಂದ ಇಬ್ಬರು ಲೈಟಿನವರು ಬಿದ್ದು ಸತ್ತರು, ಒಂದೇ ವರ್ಷದಲ್ಲಿ. ಅಟ್ಟಣಿಗೆಯ ಕೆಳಗೆ ಬಲೆ ಕಟ್ಟಿ ಎಂದು ಕೇಳಿದೆವು. ಬಲೆ ಫ್ರೇಮಿನಲ್ಲಿ ಬರುತ್ತದೆ, ಆಗುವುದಿಲ್ಲ ಎಂದರು. ಮನುಷ್ಯ ಬಿದ್ದರೂ ಫ್ರೇಮಿನಲ್ಲಿ ಬರುತ್ತಾನಲ್ಲ ಎಂದು ಗೇಟಿನಲ್ಲಿ ನಿಂತು ಕೂಗಿದೆ. ಮೂವತ್ತೆಂಟು ದಿನ ಮುಷ್ಕರ. ನೀನು ಆಗ ಎಡಿಟಿಂಗ್ ರೂಮಿನಲ್ಲಿ ಫಿಲ್ಮ್ ಅಂಟಿಸುವ ಹುಡುಗಿ. ಬೆರಳಿಗೆಲ್ಲ ಅಂಟು ಮೆತ್ತಿಕೊಂಡೇ ಅಂಗಳಕ್ಕೆ ಬಂದು ಹಾಡುತ್ತಿದ್ದೆ.

ಮೂವತ್ತೊಂಬತ್ತನೇ ದಿನ ಮಾಲೀಕ ನನ್ನೊಬ್ಬನನ್ನು ಮೇಲಕ್ಕೆ ಕರೆಸಿದ. ಆಫೀಸಿನ ಹೊರಗಿನ ಕಬ್ಬಿಣದ ಮೆಟ್ಟಿಲು ಹತ್ತಿದೆ. ಕೆಳಗೆ ಇನ್ನೂರು ಜನ. ಅವನು ಕಿತ್ತಳೆ ಸುಲಿಯುತ್ತ ಕೂತಿದ್ದ. ಅರ್ಧ ನನ್ನ ಕಡೆ ತಳ್ಳಿ, "ನೀನು ಕೆಳಗೆ ನಿಂತು ಕೂಗಿದ್ರೆ ನನಗೆ ಕಿರುಚಾಟ ಕೇಳ್ಸುತ್ತೆ, ಮಾತು ಕೇಳ್ಸಲ್ಲ. ಇಲ್ಲಿ ಕೂತು ಹೇಳು, ದಿನಾ ಹೇಳು. ಒಂದು ಕುರ್ಚಿ ಹಾಕಿಸ್ತೀನಿ" ಎಂದ. ಕೊನೆಗೆ ಒಪ್ಪಿದ್ದು ಇಷ್ಟು: ನಾಲ್ಕು ಶೂಟಿಂಗ್ ಫ್ಲೋರುಗಳಲ್ಲಿ ಒಂದಕ್ಕೆ ಬಲೆ. ಮೂವರನ್ನು ಬಿಟ್ಟು ಎಲ್ಲರಿಗೂ ವಾಪಸು ಕೆಲಸ. ನನಗೆ ಫ್ಲೋರ್ ಮ್ಯಾನೇಜರ್ ಕುರ್ಚಿ. ಒಳಗಿದ್ದುಕೊಂಡೇ ಹೋರಾಡುತ್ತೇನೆ ಎಂದು ಎಲ್ಲರಿಗೂ ಹೇಳಿದೆ. ಹೇಳುತ್ತ ಹೇಳುತ್ತ ನಾನೂ ನಂಬಿದೆ. ಅಪ್ಪ ಮಾರನೇ ದಿನ ಶೆಡ್ಡಿನಲ್ಲಿ ಎಲ್ಲರೆದುರು, "ಮ್ಯಾನೇಜರ್ ಸಾರ್, ಆ ಬಾಗಿಲಿಗೆ ಎಷ್ಟು ಎತ್ತರ ಬೇಕು?" ಎಂದ. ತಮಾಷೆ ಎಂದುಕೊಂಡು ನಕ್ಕೆ. ಅವನು ಟೇಪು ಹಿಡಿದು ಎತ್ತರಕ್ಕೆ ಕಾಯುತ್ತ ನಿಂತಿದ್ದ.

ಎಣಿಕೆ ಪ್ರದರ್ಶನ ಬಂದದ್ದು ಅದಾದ ಮೇಲೆ. ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಎಂದು ಮಾಲೀಕನ ಅಳಿಯಂದಿರು ಯಾಕೆ ಹೇಳಬೇಕು, ಸೆಟ್ ಕಟ್ಟಿದವರು ಹೇಳಲಿ ಎಂದೆ. ಅರವತ್ತು ಸೀಟಿನ ಚಿಕ್ಕ ಥಿಯೇಟರಿನಲ್ಲಿ ಊಟದ ನಂತರ ಬಡಗಿಗಳು, ಡ್ರೈವರುಗಳು, ಬಟ್ಟೆ ಹೊಲಿಯುವ ಹೆಂಗಸರು, ಪಾತ್ರೆ ತೊಳೆಯುವವರು ಎಲ್ಲರನ್ನೂ ಕೂರಿಸಿದೆ. ಕೊನೇ ಸಾಲಿನಲ್ಲಿ ನಾನು, ತೊಡೆಯ ಮೇಲೆ ರಟ್ಟು, ಕೈಯಲ್ಲಿ ಪುಟ್ಟ ಟಾರ್ಚು. ಯಾರು ಸೀಟು ಬಿಟ್ಟು ಎದ್ದರೂ ಒಂದು ಗೀಟು. ನೀರು ಕುಡಿಯಲೋ, ಬೀಡಿ ಸೇದಲೋ, ಕೇಳುವಂತಿಲ್ಲ. ಒಂದು ರೀಲಿಗೆ ಹತ್ತು ಗೀಟು ದಾಟಿದರೆ ಕತ್ತರಿ. ನಿರ್ದೇಶಕರು ಬಂದು ಅರಚಿದರೆ, "ಬಾಯಿ ಸುಳ್ಳು ಹೇಳುತ್ತೆ ಸ್ವಾಮಿ, ಕುಂಡಿ ಸುಳ್ಳು ಹೇಳಲ್ಲ" ಎನ್ನುತ್ತಿದ್ದೆ. ಆ ಮಾತು ಇಡೀ ಉದ್ಯಮದಲ್ಲಿ ಓಡಾಡಿತು. ಜನ ನನ್ನನ್ನು ಎಣಿಕೆ ಸಾಹೇಬ ಎಂದರು. ಆ ಗೀಟುಗಳ ಮೇಲೆ ಹತ್ತಿ ನಿರ್ಮಾಣ ವಿಭಾಗದ ಮುಖ್ಯಸ್ಥನಾದೆ, ಸ್ಟುಡಿಯೋದ ಮುಖ್ಯಸ್ಥನಾದೆ, ಐವತ್ತೆರಡು ಸಿನಿಮಾ ಮಾಡಿಸಿದೆ. ಜನರ ತೀರ್ಪು ಎಂಬ ಮಾತನ್ನು ನನ್ನಷ್ಟು ಸಲ ಹೇಳಿದವನು ಇನ್ನೊಬ್ಬನಿಲ್ಲ. ಜನಕ್ಕೆ ತೀರ್ಪು ಕೊಡುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಪುಕ್ಕಟೆ ಸಿನಿಮಾ ಎಂದು ಬಂದು ಕೂರುತ್ತಿದ್ದರು.

ನಿನ್ನ ಸಿನಿಮಾಕ್ಕೆ ಸ್ಟುಡಿಯೋ ಒಪ್ಪುವಂತೆ ಮಾಡಿದವನು ನಾನು. ಇದೊಂದನ್ನು ಮರೆಯಬೇಡ. ಹೆಂಗಸು, ಅದೂ ಫಿಲ್ಮ್ ಅಂಟಿಸುವವಳು, ಅದೂ ಮುಷ್ಕರದ ಕತೆ ಎಂದು ಮಾಲೀಕ ಮೂರು ಸಲ ತಲೆ ಅಲ್ಲಾಡಿಸಿದ. ಮೂರು ಸಲವೂ ನಾನು ಕುರ್ಚಿ ಬಿಟ್ಟು ಏಳಲಿಲ್ಲ.

ಇನ್ನು ನಿನ್ನ ಪ್ರಶ್ನೆ. ಇಷ್ಟು ವರ್ಷದ ಮೇಲೆ ನೆನಪು ಸರಿಯಿರುವುದು ಕಷ್ಟ. ಏಳನೇ ರೀಲಿಗೆ ಹದಿನಾಲ್ಕು ಗೀಟು ಬಿದ್ದವು. ಆವತ್ತೇ ಹೇಳಿದ್ದೆ. ಬಡಗಿಯ ಪಾತ್ರಕ್ಕೆ ನೀನು ಅಪ್ಪನನ್ನೇ ಹಾಕಿದ್ದೆಯಲ್ಲ, ಅವನು ಎದ್ದದ್ದು ತಾನು ತೆರೆಯ ಮೇಲೆ ಬಂದಾಗ. ಬೆಂಚಿನ ಮೇಲಿಂದ ಉಪಕರಣದ ಪೆಟ್ಟಿಗೆ ಇಳಿಸುವ ಶಾಟು ಬರುತ್ತದಲ್ಲ, ಅಲ್ಲಿ. ಮುದುಕ ತನ್ನನ್ನೇ ಅಷ್ಟು ದೊಡ್ಡದಾಗಿ ನೋಡಿ ನಾಚಿಕೊಂಡನೇನೋ. ಹೋಗಲಿ ಬಿಡು. ಅವನು ಹೋಗಿ ಇಪ್ಪತ್ತೈದು ವರ್ಷವಾಯಿತು, ಅದನ್ನೆಲ್ಲ ಕೆದಕಿ ಯಾರಿಗೇನು?

ಮೈ ನೋಡಿಕೋ. ಇಳಿಜಾರಿನಲ್ಲಿರುವ ನಿನ್ನ ಮನೆಗೆ ಹತ್ತಿ ಇಳಿದು ಓಡಾಡಬೇಡ. ನಿನಗೆ ಒಳ್ಳೆಯದಾಗಲಿ.

ನಿನ್ನ
ಮೊಳೆಯಣ್ಣ

ಮಾರ್ಚ್ ೨೧

ಬೆಂಕಿಕಡ್ಡಿಗೆ,

ನಾಲ್ಕೇ ದಿನಕ್ಕೆ ಉತ್ತರ ಹಾಕಿದ್ದೀಯ. ಬೈಯುತ್ತೀಯ ಎಂದುಕೊಂಡು ಒಡೆದೆ. ಬೈದಿದ್ದರೆ ಆರಾಮಾಗಿ ಮಡಚಿ ಇಡುತ್ತಿದ್ದೆ.

"ಥ್ಯಾಂಕ್ಸ್ ಅಣ್ಣ. ಪೆಟ್ಟಿಗೆ ಇಳಿಸುವ ಶಾಟು ಅಂತ ಹೇಳಿದ್ದು ಒಳ್ಳೇದಾಯ್ತು. ಅಪ್ಪನನ್ನ ಅವನಿಗೆ ಇಷ್ಟ ಇಲ್ಲದ ಹಾಗೆ ತೋರಿಸಿದೆ ಅನ್ನೋದು ಗೊತ್ತಿತ್ತು, ಎಲ್ಲಿ ಅಂತ ಗೊತ್ತಿರಲಿಲ್ಲ. ಏಪ್ರಿಲ್ ಎರಡಕ್ಕೆ ಕಾರ್ಯದರ್ಶಿ ಆ ರೀಲು ತಗೊಂಡು ಬರ್ತಾಳೆ. ಅಪ್ಪ ಇರೋ ಅಷ್ಟನ್ನೂ ನನ್ನ ಕೈಯಾರೆ ಕತ್ತರಿಸಿ ಉಳಿದದ್ದನ್ನ ಅಂಟಿಸಿಕೊಡ್ತೀನಿ. ಆಮೇಲೆ ತೋರಿಸಿಕೊಳ್ಳಲಿ. ಬದುಕಿದ್ದಾಗ ಕೇಳಲಿಲ್ಲ, ಈಗಲಾದರೂ ಅವನ ಮಾತು ಕೇಳಿದ ಹಾಗಾಗುತ್ತೆ."

ಮಾರಾಯ್ತಿ, ಕತ್ತರಿಸಬೇಡ.

ಇದನ್ನು ಬರೆಯಲೆಂದೇ ಕೂತೆ. ಕಾರಣ ಕೊಡು ಎಂದರೆ ಹತ್ತು ಕೊಡುತ್ತೇನೆ. ಆ ರೀಲಿಗೆ ನೆಗೆಟಿವ್ ಇಲ್ಲ, ನಾನೇ ಸುಡಿಸಿದ್ದೆ. ಇರುವುದು ಅದೊಂದೇ ಪ್ರಿಂಟು. ಅಪ್ಪ ಓಡಾಡುವುದು, ಬಗ್ಗುವುದು, ಕೈ ಒರೆಸಿಕೊಳ್ಳುವುದು ಈ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ. ನಮ್ಮ ಬಳಿ ಇರುವುದು ಗುರುತಿನ ಚೀಟಿಯ ಒಂದು ಫೋಟೋ, ಅದರಲ್ಲೂ ಅರ್ಧ ಮುಖದ ಮೇಲೆ ಸೀಲು. ಇಷ್ಟು ಸಾಲದೇ? ಸಾಲದು ಎಂದು ನಿನ್ನ ಕೈ ಹೇಳುತ್ತದೆ. ನೀನು ಒಮ್ಮೆ ಕತ್ತರಿ ಎತ್ತಿದರೆ ಇಳಿಸುವವಳಲ್ಲ.

ಮೊನ್ನೆ ಕಿಂಡಿಯ ಮನೆಗೆ ಹೋಗಿ ಬಂದೆ. ನೆನಪಿದೆಯಲ್ಲ, ಚಿಕ್ಕ ಥಿಯೇಟರಿನಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದವನು, ಗೋಡೆಯ ಕಿಂಡಿಯಲ್ಲಿ ಅವನ ಒಂದು ಕಣ್ಣು ಮಾತ್ರ ಕಾಣುತ್ತಿದ್ದದ್ದರಿಂದ ಆ ಹೆಸರು. ರೀಲು ಯಾರ ಮಂಚದ ಕೆಳಗಿತ್ತು ಎಂದು ಊಹಿಸುವುದು ಕಷ್ಟವಾಗಲಿಲ್ಲ. ಸುಡಲು ಕೊಟ್ಟ ಡಬ್ಬಿಯಲ್ಲಿ ಹಳೇ ಜಾಹೀರಾತು ತುಂಬಿ ಬೆಂಕಿಗೆ ಹಾಕಿ, ಇದನ್ನು ಮನೆಗೆ ಹೊತ್ತುಕೊಂಡು ಹೋಗಿದ್ದಾನೆ. ಈಗ ಎಂಬತ್ತು ದಾಟಿದೆ. ಎರಡನೇ ಮಹಡಿಯ ಒಂದೇ ಕೋಣೆ, ಕಿಟಕಿಯಲ್ಲಿ ಒಣಹಾಕಿದ ಬನಿಯನ್ನು. ನನ್ನನ್ನು ನೋಡಿ ಎದ್ದು ನಿಲ್ಲಲಿಲ್ಲ. ಮೊದಲೆಲ್ಲ ಎದ್ದು ನಿಲ್ಲುತ್ತಿದ್ದ.

"ಬನ್ನಿ ಎಣಿಕೆ ಸಾಹೇಬ್ರೇ" ಎಂದ. "ಇಲ್ಲಿ ಇರೋದು ಒಂದೇ ಸೀಟು. ನಾನು ಎದ್ದರೆ ಗೀಟು ಹಾಕ್ತೀರಾ ಅಂತ ಕೂತೇ ಇದೀನಿ."

ನಕ್ಕೆ. ಅವನು ನಗಲಿಲ್ಲ. ಮಂಚದ ತುದಿಯಲ್ಲಿ ಕೂತೆ. ರೀಲು ಯಾಕೆ ಇಟ್ಟುಕೊಂಡೆ ಎಂದು ಕೇಳಿದೆ.

"ನಾನು ನಲವತ್ತು ವರ್ಷ ಅದೇ ಕಿಂಡೀಲಿ ನೋಡಿದವನು. ತೆರೆ ನೋಡ್ತಿರಲಿಲ್ಲ, ಅದು ನನಗೆ ಬಾಯಿಪಾಠ. ಕೂತವರನ್ನ ನೋಡ್ತಿದ್ದೆ. ಆ ರೀಲು ಓಡುವಾಗ ಏನು ನೋಡಿದೆ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು."

"ಆವತ್ತೇ ಯಾಕೆ ಅವಳಿಗೆ ಹೇಳಲಿಲ್ಲ?"

"ಮಕ್ಕಳು ನಾಲ್ಕು ಸಾರ್. ನಿಮ್ಮ ಗೀಟಿನ ಕೆಳಗೆ ನಾನೂ ಬರ್ತಿದ್ದೆ." ಸ್ವಲ್ಪ ಹೊತ್ತು ಕೆಮ್ಮಿದ. "ನಿಮ್ಮ ತಂಗಿಯಮ್ಮನೂ ಯಾರನ್ನೂ ಕೇಳಲಿಲ್ಲ. ಮುಂದಿನ ವಾರ ಊರೇ ಬಿಟ್ಟು ಹೋದ್ರು. ಎದ್ದು ಹೋದವರ ಮುಖ ಹೆಂಗೆ ನೋಡ್ಲಿ ಅಂದ್ರಂತೆ ಬಟ್ಟೆ ವಿಭಾಗದೋರ ಹತ್ರ. ಅವರಿಗೆ ಅದು ಅರ್ಥವೇ ಆಗಲಿಲ್ಲ."

ಈಗಲಾದರೂ ನೀನೇ ಅವಳಿಗೆ ಒಂದು ಮಾತು ತಿಳಿಸು ಎಂದೆ. ಹೌದು, ಹಾಗೆ ಕೇಳಿದೆ. ಎಪ್ಪತ್ತೊಂದರ ಮುದುಕ ಎಂಬತ್ತೆರಡರ ಮುದುಕನ ಬಳಿ ಹೋಗಿ ನನ್ನ ಕೆಲಸ ನೀನು ಮಾಡು ಎಂದೆ. ಜೀವಮಾನವಿಡೀ ಮಾಡಿಸಿದವನಿಗೆ ಬೇರೆ ಏನು ಬರುತ್ತದೆ?

"ನಾನು ರೀಲು ಕಾಪಾಡಿದೆ, ನನ್ನ ಕೆಲಸ ಅಷ್ಟೇ" ಎಂದ. "ಬಾಕಿ ನಿಮ್ಮ ಬಾಯಿಂದ ಹೋಗಿದ್ದು. ನಿಮ್ಮ ಬಾಯಿಂದಲೇ ವಾಪಸು ಬರಲಿ."

ಇಳಿಯುವಾಗ ಮೆಟ್ಟಿಲ ಮೇಲೆ ಎರಡು ಸಲ ಕೂತೆ.

ಬರೆಯಬೇಕಾದದ್ದನ್ನು ಬಿಟ್ಟು ಇದೆಲ್ಲ ಯಾಕೆ ಹೇಳುತ್ತಿದ್ದಾನೆ ಎನ್ನುತ್ತೀಯ. ಇನ್ನೊಂದು ಹೇಳಿಬಿಡುತ್ತೇನೆ. ಸ್ಟುಡಿಯೋ ನನ್ನನ್ನು ನಿವೃತ್ತಿ ಮಾಡಿದ ಮೇಲೆ ನಾನೇ ಸ್ವಂತವಾಗಿ ಒಂದು ಸಿನಿಮಾ ಮಾಡಿದೆ, ನಿನಗೆ ಗೊತ್ತಿರಲಿಕ್ಕಿಲ್ಲ. ಮಾಲೀಕನ ಮೊಮ್ಮಗ ಈಗ ನನ್ನ ಕುರ್ಚಿಯಲ್ಲಿದ್ದಾನೆ. ನನ್ನದೇ ಪದ್ಧತಿಯಲ್ಲಿ ನನ್ನದೇ ಸಿನಿಮಾ ಪರೀಕ್ಷೆ ಮಾಡಿಸಿದ. ಈಗ ಟಾರ್ಚಿಲ್ಲ, ಮೇಲೊಂದು ಕ್ಯಾಮೆರಾ, ಅದೇ ಎಣಿಸುತ್ತದೆ. ನಾನು ಕ್ಯಾಂಟೀನಿನಲ್ಲಿ ಕಾಯಬೇಕಾಯಿತು, ಕಿಟಕಿಯ ಪಕ್ಕದ ಮೇಜು, ನೀನು ಕಾಯುತ್ತ ಕೂತಿದ್ದ ಮೇಜೇ ಇರಬೇಕು. ಎರಡೂಕಾಲು ಗಂಟೆ. ಬಂದು, "ಅಂಕಲ್, ಜನ ಎದ್ದುಬಿಟ್ರು" ಎಂದ. ಅವನ ಮುಖ ನೋಡಿದೆ. ಸುಳ್ಳು ಹೇಳುತ್ತಿದ್ದಾನೋ ಇಲ್ಲವೋ ತಿಳಿಯಲಿಲ್ಲ. ತಿಳಿಯುವ ದಾರಿಯೂ ಇರಲಿಲ್ಲ, ಆ ದಾರಿಯನ್ನು ಮುಚ್ಚಿ ಕಟ್ಟಿದವನು ನಾನೇ. ಸಿನಿಮಾ ಡಬ್ಬದಲ್ಲೇ ಉಳಿಯಿತು. ಒಳ್ಳೆಯ ಸಿನಿಮಾವೇನೂ ಅಲ್ಲ ಬಿಡು.

ಕತ್ತರಿಸಬೇಡ. ನನ್ನ ಇನ್ನೊಂದು ಕಾಗದ ಬರುವವರೆಗೆ ಆ ರೀಲಿನ ಡಬ್ಬಿ ತೆರೆಯಲೂ ಬೇಡ. ಅಣ್ಣನ ಮಾತು ಎಂದು ಬೇಡ, ವಯಸ್ಸಾದವನೊಬ್ಬ ಕೇಳಿಕೊಂಡ ಎಂದು ತಿಳಿ.

ನಿನ್ನ
ಮೊಳೆಯಣ್ಣ

ಮಾರ್ಚ್ ೩೦

ತಂಗೀ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಕಾರ್ಯದರ್ಶಿಯನ್ನು ಕರೆಸಿದೆ, ರೀಲಿನ ಜೊತೆಗೇ ನಿನ್ನ ಕೈಗೆ ಕೊಡುವಂತೆ ಹೇಳಿದ್ದೇನೆ. ಹೊರಗಿನ ಕೋಣೆಯಲ್ಲಿ ಕೂತು ನಿನ್ನ ಅತ್ತಿಗೆಯ ಜೊತೆ ಹರಟುತ್ತಿದ್ದಾಳೆ. ಈ ಸಲ ಚಹಾ ಕುಡಿದಳು. ನನ್ನ ಮಾತಿಗಲ್ಲ, ನಿನ್ನ ಅತ್ತಿಗೆಯ ಮಾತಿಗೆ ಒಪ್ಪಿಕೊಂಡು. "ಫೋನ್ ಮಾಡಿ ಹೇಳಬಹುದಿತ್ತಲ್ಲ ಸಾರ್" ಎಂದಳು. ಫೋನು ಹಿಡಿದರೆ ನನಗೆ ಮ್ಯಾನೇಜರ್ ದನಿ ಬಂದುಬಿಡುತ್ತದೆ. ಆ ದನಿಯಲ್ಲಿ ನಿಜ ಹೇಳಿ ಅಭ್ಯಾಸವಿಲ್ಲ.

ಏಳನೇ ರೀಲಿನಲ್ಲಿ ಯಾರೂ ಏಳಲಿಲ್ಲ.

ಇಷ್ಟು ಬರೆಯಲು ಮೂರು ಕಾಗದ ಬೇಕಾಯಿತು. ಇನ್ನು ಉಳಿದದ್ದನ್ನೂ ಕೇಳು.

ನಿನ್ನ ಚಿತ್ರಕತೆಯನ್ನು ನಾನು ಪೂರ್ತಿ ಓದಿ ಸಹಿ ಹಾಕಿದ್ದೆ. ಆ ಭಾಗ ಅರ್ಧ ಪುಟವಿತ್ತು: "ಕಾರ್ಯದರ್ಶಿ ಮೆಟ್ಟಿಲು ಹತ್ತುತ್ತಾನೆ. ಕೆಲಸಗಾರರು ಅಂಗಳದಲ್ಲಿ ಕಾಯುತ್ತಾರೆ. ಅವನು ಇಳಿದು ಬರುತ್ತಾನೆ." ಅರ್ಧ ಪುಟವೆಂದರೆ ಅರ್ಧ ನಿಮಿಷ, ನಮ್ಮ ಉದ್ಯಮದ ಲೆಕ್ಕ. ಮುಷ್ಕರವೆಂದಮೇಲೆ ಒಬ್ಬ ಮೆಟ್ಟಿಲು ಹತ್ತಲೇಬೇಕು ಎಂದುಕೊಂಡು ಮುಂದಿನ ಪುಟ ತಿರುಗಿಸಿದೆ. ನೀನು ಆ ಅರ್ಧ ಪುಟವನ್ನು ಒಂದು ಇಡೀ ರೀಲು ಮಾಡುತ್ತೀಯ, ಹನ್ನೊಂದು ನಿಮಿಷ ಮಾಡುತ್ತೀಯ ಎಂದು ನನಗೆ ಹೊಳೆಯಲೇ ಇಲ್ಲ.

ದೀಪ ಆರಿತು. ಒಬ್ಬ ಮನುಷ್ಯನ ಬೆನ್ನು. ಕಬ್ಬಿಣದ ಮೆಟ್ಟಿಲು ಹತ್ತುತ್ತಿದ್ದಾನೆ. ಎಡ ಹೆಗಲು ಕೆಳಗೆ ಇಳಿದಿದೆ, ಹಲಗೆ ಹೊತ್ತವರಿಗೆ ಇಳಿಯುವ ಹಾಗೆ. ಆ ನಟನಿಗೆ ನನ್ನ ನಡಿಗೆ ಕಲಿಸಿದ್ದೆ ನೀನು. ನನ್ನ ಬೆನ್ನನ್ನು ನಾನು ಹುಟ್ಟಿದಂದಿನಿಂದ ಅದೇ ಮೊದಲ ಸಲ ನೋಡಿದ್ದು. ಅವನು ಬಾಗಿಲೊಳಗೆ ಹೋದ. ಕ್ಯಾಮೆರಾ ಅವನ ಹಿಂದೆ ಹೋಗಲಿಲ್ಲ. ಅಂಗಳದಲ್ಲೇ ಉಳಿಯಿತು. ಹೊಲಿಯುವವಳೊಬ್ಬಳು ಸೂಜಿಗೆ ದಾರ ಪೋಣಿಸುತ್ತಾಳೆ, ಪೋಣಿಸಲಾಗುವುದಿಲ್ಲ, ಮತ್ತೆ ಎಂಜಲು ಹಚ್ಚುತ್ತಾಳೆ. ಇಬ್ಬರು ಒಂದೇ ಬೀಡಿ ಹಂಚಿಕೊಳ್ಳುತ್ತಾರೆ. ಒಬ್ಬ ಇನ್ನೊಬ್ಬನ ಹೆಗಲ ಮೇಲೆ ನಿದ್ದೆ ಹೋಗುತ್ತಾನೆ. ಎಲ್ಲರೂ ನಡುನಡುವೆ ಮೇಲೆ ಬಾಗಿಲ ಕಡೆ ನೋಡುತ್ತಾರೆ. ಯಾರ ಮುಖದಲ್ಲೂ ಅನುಮಾನವಿಲ್ಲ. ಅದನ್ನು ನೀನು ಹೇಗೆ ಹಿಡಿದೆ ನನಗೆ ಗೊತ್ತಿಲ್ಲ. ಒಬ್ಬನೇ ಒಬ್ಬನಾದರೂ ಅನುಮಾನ ಪಟ್ಟಿದ್ದರೆ ನಾನು ಕೂತಿರುತ್ತಿದ್ದೆ.

ಕೊನೆಗೆ ಅವನು ಇಳಿದು ಬರುತ್ತಾನೆ. ಯಾರೂ ಏನೂ ಕೇಳುವುದಿಲ್ಲ. ಮುದುಕ ಬಡಗಿ, ನಮ್ಮಪ್ಪ, ಮಗ ದಣಿದು ಬಂದ ಎಂದು ಬೆಂಚಿನ ಮೇಲಿದ್ದ ಪೆಟ್ಟಿಗೆಯನ್ನು ನೆಲಕ್ಕಿಳಿಸಿ ಅಂಗೈಯಲ್ಲಿ ಜಾಗ ಒರೆಸುತ್ತಾನೆ. ಅಷ್ಟೇ ಅವನ ಪಾತ್ರ. ಇಳಿದು ಬಂದವನು ಕೂರುವುದಿಲ್ಲ. ತಿರುಗಿ ಮತ್ತೆ ಮೆಟ್ಟಿಲು ಹತ್ತುತ್ತಾನೆ.

ನೀನು ನನ್ನನ್ನು ಕಳ್ಳನ ಹಾಗೆ ತೋರಿಸಿದ್ದರೆ, ಮಾಲೀಕನ ಬೂಟು ನೆಕ್ಕುವ ಹಾಗೆ ತೋರಿಸಿದ್ದರೆ, ನಕ್ಕು ಬಿಡುತ್ತಿದ್ದೆ. ಅಂಥದ್ದು ಬೇಕಾದಷ್ಟು ಕೇಳಿದ್ದೆ. ನೀನು ನನ್ನ ಮೇಲೆ ಕೋಪ ಮಾಡಿಕೊಂಡಿರಲಿಲ್ಲ. ಕೂರಲು ಜಾಗ ಮಾಡಿದ್ದೆ.

ತೆರೆಯ ಮೇಲಿನವನು ಇಳಿದು ಬರುವ ಮೊದಲೇ ನಾನು ಎದ್ದು ಹೊರಗೆ ಬಂದು ನಲ್ಲಿಯ ಹತ್ತಿರ ನಿಂತಿದ್ದೆ. ಬಾಗಿಲ ಸಂದಿಯಲ್ಲಿ ತೆರೆಯ ಜೊತೆಗೆ ಕೂತವರೆಲ್ಲ ಕಾಣುತ್ತಿದ್ದರು. ಪ್ರತಿ ಸಿನಿಮಾಕ್ಕೂ ಗೊರಕೆ ಹೊಡೆಯುವ ಡ್ರೈವರು ನೆಟ್ಟಗೆ ಕೂತಿದ್ದ. ಹೊಲಿಗೆಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಅಪ್ಪ ಮೂರನೇ ಸಾಲಿನಲ್ಲಿ ಮುಂದಿನ ಸೀಟಿನ ಬೆನ್ನು ಹಿಡಿದು ಬಗ್ಗಿದ್ದ. ತೆರೆಯ ಮೇಲಿನ ಅಪ್ಪ ಬೆಂಚು ಒರೆಸಿದಾಗ, ಸೀಟಿನಲ್ಲಿ ಕೂತ ಅಪ್ಪ ತಾನೂ ಒಂದಿಷ್ಟು ಪಕ್ಕಕ್ಕೆ ಸರಿದ.

ನಿಯಮದ ಪ್ರಕಾರ ಆ ರೀಲಿಗೆ ಒಂದೇ ಗೀಟು ಬೀಳಬೇಕಿತ್ತು, ನನ್ನದು. ಉಳಿದ ಹದಿಮೂರನ್ನು ನನ್ನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಬೇರೆ ಬೇರೆ ಒತ್ತಡದಲ್ಲಿ ಎಳೆದೆ. ಒಂದೇ ಸಲ ಎಳೆದ ಹಾಗೆ ಕಾಣಬಾರದಲ್ಲ.

ಆಮೇಲೆ ಕ್ಯಾಂಟೀನಿಗೆ ಬಂದೆ. ಹದಿನಾಲ್ಕು ಎಂದೆ. ನಿನ್ನ ಕಣ್ಣು ಕೆಂಡವಾಯಿತು. "ಯಾರ್ಯಾರು? ನಾನೇ ಹೋಗಿ ಕೇಳ್ತೀನಿ. ಒಬ್ಬೊಬ್ಬರನ್ನೂ ಕೇಳ್ತೀನಿ" ಎಂದು ಎದ್ದೆ. ಕೇಳಿಬಿಡುವವಳು ನೀನು. ಮಾಲೀಕನ ಬಾಗಿಲನ್ನು ಒದೆಯುವವಳು. ನಿನ್ನನ್ನು ಕೂರಿಸಬಲ್ಲ ಮಾತು ಒಂದೇ ಇತ್ತು, ಅದನ್ನೇ ಹೇಳಿದೆ. "ಮೊದಲು ಎದ್ದವನೇ ಅಪ್ಪ." ನೀನು ಕೂತೆ. ನೀರು ಕೇಳಿದೆ. ನಾನೇ ತಂದುಕೊಟ್ಟೆ. ಒಂದು ವಾರಕ್ಕೆ ಊರು ಬಿಟ್ಟೆ, ಮತ್ತೆ ಸಿನಿಮಾ ಮಾಡಲಿಲ್ಲ. ಮೂವತ್ತೊಂದು ವರ್ಷ ಬೇರೆಯವರ ಮದುವೆ ಫಿಲ್ಮುಗಳನ್ನು ಅಂಟಿಸಿದೆ.

ಅಪ್ಪ ಏಳಲಿಲ್ಲ ಕಣೇ. ದೀಪ ಬಂದ ಮೇಲೂ ಏಳಲಿಲ್ಲ. ಉಳಿದವರು ಅವನನ್ನು ದಾಟಿಕೊಂಡು ಹೊರಗೆ ಹೋದರು.

ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಕೊಟ್ಟರೂ ಇಟ್ಟುಕೊಳ್ಳಲು ನನ್ನಲ್ಲಿ ಶಕ್ತಿಯಿಲ್ಲ. ಆ ರೀಲನ್ನು ಒಂದು ಫ್ರೇಮೂ ಮುಟ್ಟದೆ ವಾಪಸು ಕಳಿಸು. ಹನ್ನೆರಡನೇ ತಾರೀಖು ನೀನು ಒಳಗೆ ಕೂತು ನೋಡು, ಕ್ಯಾಂಟೀನಿನಲ್ಲಿ ಅಲ್ಲ. ನಾನು ಬರುವುದಿಲ್ಲ. ಕಾರ್ಯದರ್ಶಿ ಕರೆದೂ ಇಲ್ಲ, ಸರಿಯಾಗಿಯೇ ಮಾಡಿದ್ದಾಳೆ. ಹಾಲ್‌ನಲ್ಲಿ ಯಾರಾದರೂ ನೀರು ಕುಡಿಯಲು ಎದ್ದರೆ ಹೆದರಬೇಡ, ಅದು ಬರೀ ಬಾಯಾರಿಕೆ.

ಗಟ್ಟಿಯಾಗಿರು. ಇನ್ನೊಂದು ಸಿನಿಮಾ ಮಾಡುವ ವಯಸ್ಸು ನಿನಗೆ ಮೀರಿಲ್ಲ. ನಿನ್ನ ಕೈಗೆ ನನ್ನ ಆಯಸ್ಸೂ ಸೇರಲಿ. ಇದೊಂದನ್ನು ನಿಜವಾಗಿ ಹೇಳುತ್ತಿದ್ದೇನೆ.

ನಿನ್ನ
ಅಣ್ಣ

ತಾ.ಕ.: ಕಾರ್ಯದರ್ಶಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ಲಕೋಟೆ ಅಂಟಿಸಿದ್ದೆ, ಒಡೆದು ಬರೆಯುತ್ತಿದ್ದೇನೆ. ಸಿನಿಮಾ ಬಿಡುಗಡೆಯಾದ ದಿನ ಅಪ್ಪ ಶೆಡ್ಡಿನವರನ್ನೆಲ್ಲ ಕಟ್ಟಿಕೊಂಡು ನೋಡಲು ಹೋದ. ತಾನು ಬರುವ ಜಾಗಕ್ಕೆ ಕಾದ. ಸಂಜೆ ಮನೆಗೆ ಬಂದು, "ನಾನು ಇರೋದನ್ನ ಯಾರು ತೆಗೆದದ್ದು?" ಎಂದು ಕೇಳಿದ. ಅವಳೇ ತೆಗೆದಳು ಎಂದೆ. ಅವಳಿಗೆ ಸರಿಕಾಣಲಿಲ್ಲವಂತೆ ಎಂದೆ. "ಹೌದೇನೋ, ನನಗೆ ನಟನೆ ಎಲ್ಲಿ ಬರುತ್ತೆ" ಎಂದು ಕೈಕಾಲು ತೊಳೆಯಲು ಹೋದ. ಅದಾದ ಮೇಲೆ ಅಪ್ಪ ಆರು ವರ್ಷ ಬದುಕಿದ್ದ. ನೀನು ರಜೆಗೆ ಮನೆಗೆ ಬಂದಾಗಲೆಲ್ಲ ತಲೆ ಎತ್ತದೆ ಊಟ ಮಾಡುತ್ತಿದ್ದೆ, ಅಪ್ಪನನ್ನು ನಾಚಿಸಿದೆ ಎಂದು. ಅಪ್ಪನೂ ತಲೆ ಎತ್ತುತ್ತಿರಲಿಲ್ಲ, ಮಗಳಿಗೆ ತನ್ನನ್ನು ಕಂಡರೆ ನಾಚಿಕೆ ಎಂದು. ಇಬ್ಬರ ನಡುವೆ ಕೂತು, ಅವನಿಗೆ ಬೇಕಾದ ಉಪ್ಪನ್ನು ನಿನ್ನಿಂದ, ನಿನಗೆ ಬೇಕಾದ ನೀರನ್ನು ಅವನಿಂದ ಈಸಿಕೊಂಡು ದಾಟಿಸುತ್ತಿದ್ದವನು ನಾನು.